ಮುಕ್ತ ಆಕರ ಗಣಕವ್ಯವಸ್ಥೆಗಳ ನಿರ್ವಹಣೆ: ಉದ್ಯೋಗಾರ್ಥಿಗೆ ಬೇಕಾದ ಪರಿಣತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ಗಣಕವಿಜ್ಞಾನದ ಪದವಿ ಪಡೆದು ಬರುವ ತರುಣರು ಉದ್ಯೋಗವೆಂದೊಡನೆ ಬೆಂಗಳೂರು, ಪುಣೆಗಳತ್ತ ಮುಖಮಾಡುವುದು ಸಹಜ. ಅಲ್ಲಿ ದೊರೆಯಬಹುದಾದ ಕೆಲಸಗಳಲ್ಲಿ ಲಿನಕ್ಸ್ ಮೊದಲಾದ ಮುಕ್ತ ಆಕರ ವ್ಯವಸ್ಥೆಗಳ ನಿರ್ವಹಣೆಯೂ ಒಂದು. ಈ ವೃತ್ತಿಗೆ ಎಂತಹ ಪರಿಣತಿ ಅವಶ್ಯ, ಅದನ್ನು ಊರಿನಲ್ಲಿದ್ದುಕೊಂಡೇ ಎಷ್ಟರಮಟ್ಟಿಗೆ ಸಂಪಾದಿಸಬಹುದು ಎಂಬುದನ್ನು ಇಲ್ಲಿ ವಿವೇಚಿಸುವೆವು.

1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯೂ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಪ್ರಕಟಿಸಿದ ಲಿನಕ್ಸ್ ತಿರುಳೂ ಕೂಡಿ ಈ ವ್ಯವಸ್ಥೆ ಬೆಳೆಯಿತು. ಮುಕ್ತವೆಂದರೆ ಪುಕ್ಕಟೆಯೆಂದು ಹಲವರು ತಿಳಿದಿರುವರು. ಆಕರವನ್ನು ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯವೇ ಅದರ ನಿಜವಾದ ಅರ್ಥ. ವಿದ್ಯಾರ್ಥಿಗೆ ಇದರಿಂದ ಒದಗುವ ಲಾಭ ಸಣ್ಣದಲ್ಲ. ರೈಲಿನ ಎಂಜಿನನ್ನು ಮನೆಗೆ ತಂದು ಕಲಿಯುವಂತಿಲ್ಲ. ಆದರೆ ದೊಡ್ಡ ಸಂಸ್ಥೆಗಳ ಸರ್ವರುಗಳನ್ನು ನಡೆಸುವ ಡೆಬಿಯನ್‌ನಂತಹ ವ್ಯವಸ್ಥೆಯನ್ನೇ ಹಳೆಯದೊಂದು ಗಣಕಯಂತ್ರದಲ್ಲಿ ಸ್ಥಾಪಿಸಿಕೊಳ್ಳಬಹುದು. ವರ್ಚುವಲ್‌ಬಾಕ್ಸ್‌ನ ನೆರವಿನಿಂದ ಒಂದೇ ಯಂತ್ರದೊಳಗೆ ಎರಡು ಮೂರು ಕಲ್ಪಿತ ಯಂತ್ರಗಳನ್ನು ನಿರ್ಮಿಸಿ, ಅವುಗಳ ನಡುವೆ ಜಾಲವನ್ನೂ ಹೆಣೆದು ನೋಡಬಹುದು.

ಆಜ್ಞೆಗಳ ಪಟ್ಟಿಯನ್ನು ಕಂಠಪಾಠ ಮಾಡಿದವನು ಈ ವೃತ್ತಿಗೆ ಸಿದ್ಧನಾದನೆಂದು ಭಾವಿಸಲಾಗದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಸರ್ವರಿನ ಡಿಸ್ಕು ತುಂಬಿದೆ. ವಿದ್ಯಾರ್ಥಿಯು ದೊಡ್ಡದೊಂದು ದಾಖಲೆಯ ಕಡತವನ್ನು ಅಳಿಸುತ್ತಾನೆ. ಆದರೂ ‘ಡಿಎಫ್’ ಆಜ್ಞೆಯು ಡಿಸ್ಕು ತುಂಬಿದೆಯೆಂದೇ ಹೇಳುವುದು, ‘ಡಿಯು’ ಆಜ್ಞೆಯು ಸ್ಥಳವಿದೆಯೆಂಬಂತೆ ಲೆಕ್ಕ ಕೊಡುವುದು. ಎರಡರಲ್ಲಿ ಯಾವುದು ಸುಳ್ಳು? ಯಾವುದೂ ಅಲ್ಲ. ಅಳಿಸಿದಾಗ ಹೋದುದು ಕಡತದ ಹೆಸರು ಮಾತ್ರ; ಅದನ್ನು ತೆರೆದಿಟ್ಟುಕೊಂಡಿರುವ ಕಾರ್ಯಕ್ರಮವು ಬಿಡುವವರೆಗೂ ಸ್ಥಳ ತೆರವಾಗದು. ‘ಡಿಯು’ ಹೆಸರುಗಳನ್ನು ಹಿಡಿದು ಎಣಿಸುವುದು, ‘ಡಿಎಫ್’ ಬಳಕೆಯಾದ ಸ್ಥಳವನ್ನು ಎಣಿಸುವುದು. ಬೈಲಹೊಂಗಲದ ಹತ್ತಿಯ ಪೇಟೆಯನ್ನು ಬಲ್ಲವರಿಗೆ ಇದು ಹೊಸತಲ್ಲ: ಖಾತೆಯಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಅಂಡಿಗೆಯು ಉಗ್ರಾಣದಿಂದ ಹೊರಬೀಳದು. ‘ಎಲ್‌ಎಸ್‌ಒಎಫ್’ ಆಜ್ಞೆಯಿಂದ ಆ ಕಾರ್ಯಕ್ರಮವನ್ನು ಪತ್ತೆಮಾಡಿ ಮರಳಿ ಪ್ರಾರಂಭಿಸಿದರೆ ತೊಡಕು ನೀಗುವುದು. ಸಂದರ್ಶನದಲ್ಲಿ ಪರೀಕ್ಷಿಸಬೇಕಾದುದು ಈ ತರ್ಕವನ್ನು.

ಕಡತಗಳ ಅನುಮತಿ, ಜಾಲದ ವಿಳಾಸ ಮತ್ತು ಹೆಸರುಗಳ ವ್ಯವಸ್ಥೆ, ಶೆಲ್ ಲಿಪಿಯ ರಚನೆ, ಗಿಟ್‌ನ ಬಳಕೆ ಇವು ಅವಶ್ಯವೆಂಬುದನ್ನು ಎಲ್ಲರೂ ಬಲ್ಲರು. ಪ್ರತಿ ತೆಗೆದಿಡುವ ವಿಷಯದಲ್ಲಿ ಮಾತ್ರ ಒಂದು ಮಾತು: ಪ್ರತಿಯಿಂದ ಮಾಹಿತಿಯನ್ನು ಮರಳಿ ಪಡೆದು ನೋಡದವನು ಪ್ರತಿ ಇದೆಯೆಂದು ಹೇಳುವಂತಿಲ್ಲ.

ರೆಡ್ ಹ್ಯಾಟ್ ಸಂಸ್ಥೆಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯು ಪ್ರಾಯೋಗಿಕವಾದುದು. ಅಭ್ಯರ್ಥಿಯು ಯಂತ್ರದ ಮೇಲೆಯೇ ಕೆಲಸ ಮಾಡಿ ತೋರಿಸಬೇಕು. ಮಾಡಿದ ವ್ಯವಸ್ಥೆಯು ಯಂತ್ರವನ್ನು ಮರಳಿ ಪ್ರಾರಂಭಿಸಿದ ಮೇಲೂ ಉಳಿದಿರಬೇಕು. ಆದರೆ ಅದರ ಶುಲ್ಕ ಎಲ್ಲರಿಗೂ ಎಟುಕುವಂತಹದಲ್ಲ. ಮುಕ್ತ ಯೋಜನೆಗಳಿಗೆ ದೋಷವರದಿ ಬರೆಯುವುದು, ಕೈಪಿಡಿಯನ್ನು ತಿದ್ದುವುದು, ಕೆಡಿಇ, ಗ್ನೋಮ್‌ಗಳ ಕನ್ನಡ ಅನುವಾದಕ್ಕೆ ಕೈಜೋಡಿಸುವುದು ಇವಕ್ಕೆ ಹಣ ಬೇಡ. ಹೆಸರಿನೊಡನೆ ಬಹಿರಂಗವಾಗಿ ಉಳಿಯುವ ಈ ಕೆಲಸವನ್ನು ಉದ್ಯೋಗದಾತನು ತಾನೇ ತೆರೆದು ನೋಡಬಹುದು.

ಇಂಗ್ಲಿಷಿನ ಭಯವೇ ಹಲವರನ್ನು ತಡೆಯುವುದು. ಮುಂಬಯಿಯ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲಿಯೂ ದೊರೆಯುವುದರಿಂದ ಆರಂಭಕ್ಕೆ ಅಡ್ಡಿಯಿಲ್ಲ. ಮುಂದೆ ಮಾತ್ರ ದೋಷಸೂಚನೆಗಳನ್ನೂ ಕೈಪಿಡಿಗಳನ್ನೂ ಇಂಗ್ಲಿಷಿನಲ್ಲಿ ಓದಿ ಅರ್ಥಮಾಡಿಕೊಳ್ಳುವಷ್ಟು ಭಾಷೆ ಬೇಕೇ ಬೇಕು. ಸೊಗಸಾಗಿ ಮಾತನಾಡುವ ಶಕ್ತಿ ಆಮೇಲಿನದು.

ಅಧ್ಯಾಪಕರಲ್ಲಿ ನಮ್ಮದೊಂದು ಸೂಚನೆಯಿದೆ. ಪ್ರಯೋಗಶಾಲೆಯ ಎರಡು ಹಳೆಯ ಯಂತ್ರಗಳನ್ನು ಇದಕ್ಕಾಗಿಯೇ ಮೀಸಲಿಟ್ಟು, ವಾರಕ್ಕೊಮ್ಮೆ ಅವುಗಳನ್ನು ಬೇಕೆಂದೇ ಕೆಡಿಸಿ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ದುರಸ್ತಿಗೆ ಅರ್ಧ ಅಂಕ; ಯಾವ ದಾಖಲೆಯನ್ನು ನೋಡಿದೆ, ಏನನ್ನು ಊಹಿಸಿದೆ, ಊಹೆಯನ್ನು ಹೇಗೆ ಪರೀಕ್ಷಿಸಿದೆ ಎಂದು ಬರೆದ ಟಿಪ್ಪಣಿಗೆ ಉಳಿದರ್ಧ.