ಕಾಫಿ ಹಣ್ಣಾಗುವ ಮುನ್ನ ಮುಗಿಯಬೇಕಾದ ಓಟ

ಕುಟ್ಟಕ್ಕೆ ಮೂರು ದಾರಿ. ಒಂದು, ಗೋಣಿಕೊಪ್ಪಲು, ಪೊನ್ನಂಪೇಟೆ ದಾಟಿ ಕಾಫಿ ತೋಟಗಳ ನಡುವೆ ದಕ್ಷಿಣಕ್ಕೆ ಬರುವುದು. ಇನ್ನೊಂದು, ಹುಣಸೂರಿನ ಕಡೆಯಿಂದ ನಾಗರಹೊಳೆ ಕಾಡನ್ನು ಹಾಯ್ದು ನಾಣಚ್ಚಿ ಗೇಟಿನಲ್ಲಿ ಹೊರಬೀಳುವುದು. ಮೂರನೆಯದು ಕೇರಳದ್ದು: ಮಾನಂತವಾಡಿ, ಕಾಟಿಕುಳಂ, ತೋಲ್ಪೆಟ್ಟಿ. ಪೇಟೆಯಿಂದ ಕೆಲವೇ ಕಿಲೋಮೀಟರ್ ಹೋದರೆ ರಾಜ್ಯ ಬದಲಾಗುತ್ತದೆ, ಕಾಡು ಬದಲಾಗುವುದಿಲ್ಲ. ಈಚೆ ನಾಗರಹೊಳೆ, ಆಚೆ ವಯನಾಡು ವನ್ಯಜೀವಿ ಧಾಮ. ಎರಡಕ್ಕೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಬೋರ್ಡು. ಆನೆಗಳು ಎರಡನ್ನೂ ಓದುವುದಿಲ್ಲ.

ಕೊಡಗಿನ ದಕ್ಷಿಣದ ತುದಿಯಲ್ಲಿರುವ ಈ ಊರು ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು, ಈಗ ಪೊನ್ನಂಪೇಟೆಗೆ ಸೇರಿದೆ. ಪೇಟೆ ದೊಡ್ಡದೇನಲ್ಲ. ಆದರೆ ಒಂದೇ ಅಂಗಡಿಯ ಮುಂದೆ ಕೊಡವ ತಕ್ಕ್, ಮಲಯಾಳ, ಕನ್ನಡ, ಯರವರ ಮಾತು ಎಲ್ಲವೂ ಕಿವಿಗೆ ಬೀಳುತ್ತವೆ. ಅಂಗಡಿಯವನು ಗಿರಾಕಿಯ ಮುಖ ನೋಡಿಯೇ ಭಾಷೆ ಬದಲಿಸುತ್ತಾನೆ. ಹಣ ಎಣಿಸುವಾಗ ಮಾತ್ರ ತನ್ನದಕ್ಕೆ ಮರಳುತ್ತಾನೆ.

ಸ್ಥಳ ಪರಿಚಯ ಇಲ್ಲಿಗೆ ಬಂದಾಗ ಇರ್ಪು ಜಲಪಾತದ ಕಡೆ ಹೊರಳುವುದು ವಾಡಿಕೆ. ಅಲ್ಲಿಗೂ ಹೋಗೋಣ. ಅದಕ್ಕೆ ಮೊದಲು ಕಾರುಗಳ ಮಾತು. ವರ್ಷದ ಕೊನೆಗೆ, ಮೋಟಾರ್ ಓಟದ ಋತು ಮುಗಿಯುವ ಹೊತ್ತಿಗೆ, ದಕ್ಷಿಣ ಕೊಡಗಿನ ದಾರಿಗಳ ಬಗ್ಗೆ ಕಾರು ಹುಚ್ಚಿನವರು ಮಾತಾಡತೊಡಗುತ್ತಾರೆ. ಕುಟ್ಟದಲ್ಲಿ ರೇಸ್ ಟ್ರ್ಯಾಕ್ ಇಲ್ಲ, ಇರಲೂಬಾರದು. ಆದರೂ ದೀರ್ಘ ಓಟ ಎಂದರೇನು ಎಂದು ತಿಳಿಯಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಊರು ನನಗೆ ಕಾಣದು.

ಹೊರಜಗತ್ತಿನಲ್ಲಿ ಈ ಆಟದ ದೊಡ್ಡ ಹೆಸರು ಫ್ರಾನ್ಸಿನ ಲೆ ಮಾನ್. 1923ರಲ್ಲಿ ಶುರುವಾದ 24 ಗಂಟೆಗಳ ಓಟ. ಅದನ್ನು ಕಂಡು ಆಸೆಪಟ್ಟ ಅಮೆರಿಕದ ಉದ್ಯಮಿ ಡಾನ್ ಪನೋಜ್ 1998ರಲ್ಲಿ ಜಾರ್ಜಿಯಾದ ರೋಡ್ ಅಟ್ಲಾಂಟಾದಲ್ಲಿ ಒಂದು ಚಿಕ್ಕ ಲೆ ಮಾನ್ ಶುರುಮಾಡಿದ. ಅದೇ ಪೆಟಿಟ್ ಲೆ ಮಾನ್. ಸಾವಿರ ಮೈಲು ಇಲ್ಲವೇ ಹತ್ತು ಗಂಟೆ, ಯಾವುದು ಮೊದಲೋ ಅಲ್ಲಿಗೆ ಮುಕ್ತಾಯ ಎಂಬುದು ಮೂಲ ನಿಯಮ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ನಡೆಯುವ ಅದು ಅಲ್ಲಿನ ಸ್ಪೋರ್ಟ್ಸ್ ಕಾರ್ ಋತುವಿನ ಕೊನೆಯ ಓಟ. ಬೆಳಕಿನಲ್ಲಿ ಶುರುವಾಗಿ ಕತ್ತಲಲ್ಲಿ ಮುಗಿಯುತ್ತದೆ. ಒಂದೇ ಕಾರು, ಸರದಿಯಲ್ಲಿ ಇಬ್ಬರೋ ಮೂವರೋ ಚಾಲಕರು. ಅತಿ ವೇಗದ ಕಾರೇ ಗೆಲ್ಲಬೇಕೆಂದಿಲ್ಲ. ಕೆಡದೆ ಉಳಿದು, ಪೆಟ್ರೋಲು ಟೈರುಗಳ ಲೆಕ್ಕ ತಪ್ಪದ ಕಾರಿಗೆ ಅವಕಾಶ ಹೆಚ್ಚು.

ನಮ್ಮವರೂ ಆ ಅಂಗಳಕ್ಕೆ ಹೋಗಿದ್ದಾರೆ. ಚೆನ್ನೈನ ಕರುಣ್ ಚಾಂದೋಕ್ 2012ರಲ್ಲಿ ಲೆ ಮಾನ್‌ನಲ್ಲಿ ಓಡಿಸಿ ತಂಡದೊಂದಿಗೆ ಆರನೆಯವರಾಗಿ ಮುಗಿಸಿದರು. ಬೆಂಗಳೂರಿನ ಅರ್ಜುನ್ ಮೈನಿ 2019ರಲ್ಲಿ ಅದೇ ಓಟದಲ್ಲಿದ್ದರು. 2021ರ ಏಷ್ಯನ್ ಲೆ ಮಾನ್ ಸರಣಿಗೆ ಮೈನಿ, ನಾರಾಯಣ್ ಕಾರ್ತಿಕೇಯನ್, ನವೀನ್ ರಾವ್ ಸೇರಿ ಭಾರತದ ಹೆಸರಿನ ತಂಡವೊಂದನ್ನೇ ಕಟ್ಟಿಕೊಂಡು ಹೋದರು.

ಆದರೆ ಕರ್ನಾಟಕದ ಮೋಟಾರ್ ಓಟ ಬೆಳೆದದ್ದು ಮಣ್ಣಿನ ದಾರಿಯಲ್ಲಿ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1970ರ ದಶಕದಲ್ಲಿ ಶುರುಮಾಡಿದ ಕೆ-1000 ರ‍್ಯಾಲಿ ತನ್ನ ಹೆಸರಿನಲ್ಲೇ ಸಾವಿರ ಕಿಲೋಮೀಟರ್ ಇಟ್ಟುಕೊಂಡಿತ್ತು. ಅಟ್ಲಾಂಟಾದಲ್ಲಿ ಸಾವಿರ ಮೈಲು, ಇಲ್ಲಿ ಸಾವಿರ ಕಿಲೋಮೀಟರ್. ದೂರಕ್ಕೆ ದುಂಡು ಸಂಖ್ಯೆ ಬೇಕೆನ್ನುವ ಹಂಬಲ ಎಲ್ಲ ಕಡೆಯೂ ಒಂದೇ. ಇಂದಿನ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಅಷ್ಟು ದೂರದ ಒಂದೇ ಓಟವಿಲ್ಲ. ಮುಚ್ಚಿದ ದಾರಿಯಲ್ಲಿ ಗಡಿಯಾರದ ವಿರುದ್ಧ ಓಡುವ ಸ್ಪೆಷಲ್ ಸ್ಟೇಜ್‌ಗಳು, ಅವುಗಳ ನಡುವೆ ಸಂಚಾರ ನಿಯಮ ಪಾಲಿಸುತ್ತ ಸಾಗುವ ದಾರಿ. ಪಕ್ಕದಲ್ಲಿ ಕೂತ ಸಹಚಾಲಕ ಮೊದಲೇ ದಾರಿ ನೋಡಿಬರುವ ರೆಕ್ಕಿಯಲ್ಲಿ ಬರೆದುಕೊಂಡ ಪೇಸ್ ನೋಟ್ಸ್ ಓದುತ್ತಾನೆ: ಎಡಕ್ಕೆ ಎಷ್ಟು ಕಡಿದಾದ ತಿರುವು, ಅದರಾಚೆ ಎಷ್ಟು ಮೀಟರ್, ಎಲ್ಲಿ ದಿಣ್ಣೆ. ಚಾಲಕ ನೋಡಿ ಓಡಿಸುವುದಕ್ಕಿಂತ ಹೆಚ್ಚಾಗಿ ಕೇಳಿ ಓಡಿಸುತ್ತಾನೆ. ಈ ಎಡಗಡೆಯ ಸೀಟಿನಲ್ಲಿ ದೇಶದಲ್ಲೇ ಹೆಸರು ಮಾಡಿದವರಲ್ಲಿ ಕಾಸರಗೋಡಿನ ಮೂಸಾ ಶರೀಫ್ ಒಬ್ಬರು. ಪತ್ರಿಕೆಗಳ ಫೋಟೊದಲ್ಲಿ ಚಾಲಕನಿಗೆ ಸಿಗುವ ಜಾಗ ಸಹಚಾಲಕನಿಗೆ ಸಿಗುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಕೊಡಗಿನಲ್ಲಿ ರೊಬಸ್ಟಾ ರ‍್ಯಾಲಿ ಎಂಬ ಹೆಸರಿನಲ್ಲೇ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತು ನಡೆದಿದೆ. ಕಾಫಿ ತಳಿಯ ಹೆಸರನ್ನು ಸುಮ್ಮನೆ ಇಟ್ಟದ್ದಲ್ಲ. ಸಾರ್ವಜನಿಕ ರಸ್ತೆಯನ್ನು ಗಂಟೆಗಟ್ಟಲೆ ಮುಚ್ಚುವುದು ಸುಲಭವಲ್ಲ. ಶಾಲೆ ಬಸ್ಸು, ಆಂಬುಲೆನ್ಸ್, ಹಾಲಿನ ವಾಹನ ಎಲ್ಲದಕ್ಕೂ ಅದೊಂದೇ ದಾರಿ. ಕಾಫಿ ತೋಟದೊಳಗಿನ ರಸ್ತೆ ಹಾಗಲ್ಲ. ಮಾಲೀಕ ಒಪ್ಪಿದರೆ ಆಯಿತು. ಗಟ್ಟಿ ಮಣ್ಣು, ಮೇಲೆ ಸಿಲ್ವರ್ ಓಕ್ ನೆರಳು, ಪಕ್ಕದಲ್ಲಿ ಚರಂಡಿ, ತಿರುವಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿಕೊಂಡ ಮರ. ಅಲ್ಲಿ ತಪ್ಪಿಗೆ ಜಾಗವಿಲ್ಲ. ಟ್ರ್ಯಾಕ್‌ನಲ್ಲಿ ಕಾರು ಹೊರಬಿದ್ದರೆ ಜಲ್ಲಿಯ ಮೇಲೆ ನಿಲ್ಲುತ್ತದೆ, ತೋಟದಲ್ಲಿ ನೂರಾರು ರೂಪಾಯಿಯ ಬೆಳೆಯ ಮೇಲೋ ಮರದ ಬುಡಕ್ಕೋ ನಿಲ್ಲುತ್ತದೆ.

ಯಾವ ತೋಟವೂ ವರ್ಷವಿಡೀ ದಾರಿ ಬಿಡಲಾರದು. ಜೂನ್‌ನಿಂದ ಬ್ರಹ್ಮಗಿರಿ ಬೆಟ್ಟದ ಮಳೆ ಹಿಡಿದರೆ ದಾರಿಯೇ ಹೊಳೆ. ಮಳೆ ಬಿಟ್ಟು ಮಣ್ಣು ಗಟ್ಟಿಯಾಗುವಷ್ಟರಲ್ಲಿ ಅಕ್ಟೋಬರ್ ಕಳೆದಿರುತ್ತದೆ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಶುರು, ನಡುವೆ ಭತ್ತದ ಕೊಯ್ಲು, ಪುತ್ತರಿ ಹಬ್ಬ. ಕುಟ್ಟದ ಸುತ್ತಿನ ತೋಟಗಳದು ಹೆಚ್ಚಾಗಿ ರೊಬಸ್ಟಾ. ಅದು ಡಿಸೆಂಬರ್ ಕೊನೆ, ಜನವರಿಯಿಂದ ಹಣ್ಣಾಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ಬೆಳಿಗ್ಗೆ ಕೊಯ್ಲಿನವರನ್ನು ತುಂಬಿಕೊಂಡ ಪಿಕಪ್ ಜೀಪು, ಸಂಜೆ ಹಣ್ಣಿನ ಮೂಟೆ ಹೊತ್ತ ಟ್ರ್ಯಾಕ್ಟರ್. ಕಣದಲ್ಲಿ ಒಣಗುವ ಕಾಫಿಯ ಮೇಲೆ ದೂಳು ಕೂರಬಾರದು. ಕೊಯ್ಲು ಮುಗಿಯಿತೆನ್ನುವಾಗ ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ. ಮಳೆ ಬಾರದಿದ್ದರೆ ಪಂಪು, ಸ್ಪ್ರಿಂಕ್ಲರ್ ಪೈಪುಗಳು ಅದೇ ದಾರಿಗೆ ಅಡ್ಡ ಮಲಗುತ್ತವೆ.

ಅಂದರೆ ಮಳೆ ನಿಂತು ರೊಬಸ್ಟಾ ಕೆಂಪಾಗುವವರೆಗಿನ ಕೆಲವೇ ವಾರಗಳು ಕಾರಿನ ಪಾಲು. ದೆಹಲಿ, ಚೆನ್ನೈನಲ್ಲಿ ಕೂತು ಮೋಟಾರ್ ಕ್ರೀಡೆಯ ಕ್ಯಾಲೆಂಡರ್ ಬರೆಯುವವರಿಗೆ ವರ್ಷದ ಕೊನೆ ಎಂದರೆ ಪ್ರಶಸ್ತಿ ತೀರ್ಮಾನದ ಹೊತ್ತು. ಕುಟ್ಟದ ಕಡೆಯವರಿಗೆ ಅದು ವರ್ಷದ ದುಡಿಮೆ ಕೈಗೆ ಬರುವ ಮುನ್ನಿನ ಬಿಡುವು. ಎರಡೂ ಕೂಡಿಬಂದದ್ದಕ್ಕೇ ಇಲ್ಲಿ ರ‍್ಯಾಲಿ ಸಾಧ್ಯ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ನೋಡಿ: 1997ರಲ್ಲಿ ಕರಡದಲ್ಲಿ ಶುರುವಾದ ಅದು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಕಾಫಿ ಮನೆ ಸೇರಿದ ಮೇಲೆ, ಮಳೆ ಬರುವ ಮುಂಚೆ. ಇಲ್ಲಿ ಆಟಕ್ಕೆ ತಾರೀಖು ಕೊಡುವುದು ಕಾಫಿ ಗಿಡ.

ಇನ್ನು ಕುಟ್ಟದ ಸ್ವಂತ ಓಟಗಳು. ಮೊದಲನೆಯದನ್ನು ನಡೆಸುವುದು ಅರಣ್ಯ ಇಲಾಖೆ, ಅದಕ್ಕೆ ತಿಳಿಯದೆಯೇ. ನಾಗರಹೊಳೆ ರಾಷ್ಟ್ರೀಯ ಉದ್ಯಾನದ 643 ಚದರ ಕಿಲೋಮೀಟರ್ ಕಾಡಿನೊಳಗಿನ ದಾರಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಹಗಲಲ್ಲಿ ಒಳಗೆ ಬಿಡುವಾಗ ವಾಹನದ ನಂಬರು, ಹೊಕ್ಕ ವೇಳೆ ಬರೆದ ಚೀಟಿ ಕೊಡುತ್ತಾರೆ. ಆಚೆ ಗೇಟಿನಲ್ಲಿ ಲೆಕ್ಕ ಕೇಳುತ್ತಾರೆ. ಬೇಗ ತಲುಪಿದರೆ ವೇಗವಾಗಿ ಬಂದಿದ್ದೀರಿ, ತಡವಾದರೆ ಎಲ್ಲೋ ನಿಲ್ಲಿಸಿದ್ದೀರಿ. ರ‍್ಯಾಲಿಯಲ್ಲಿ ಟಿಎಸ್‌ಡಿ ಎಂಬ ಬಗೆಯಿದೆ. ವೇಳೆ, ವೇಗ, ದೂರದ ಲೆಕ್ಕ ಅದು. ನಿಗದಿತ ಸರಾಸರಿಗಿಂತ ಬೇಗ ಬಂದರೂ ಪೆನಾಲ್ಟಿ, ತಡವಾದರೂ ಪೆನಾಲ್ಟಿ. ಕಾಡಿನ ಚೀಟಿಯ ನಿಯಮವೂ ಅದೇ. ಐದೂವರೆಗೆ ಗೇಟಿನ ಕಡೆ ಕಾರು ತಿರುಗಿಸುವ ಪ್ರವಾಸಿಗಳ ಮುಖ ನೋಡಿದರೆ ಯಾವ ರ‍್ಯಾಲಿಯ ಕೊನೆಯ ಸ್ಟೇಜಿಗೂ ಕಡಿಮೆಯಿಲ್ಲ.

ಎರಡನೆಯದು ರಾತ್ರಿಯದು. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿರ್ಬಂಧ ಬಂತು. 2010ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಎಚ್.ಡಿ. ಕೋಟೆ, ಬಾವಲಿ ದಾರಿಯೂ ರಾತ್ರಿ ಮುಚ್ಚುತ್ತದೆ. ಉಳಿದದ್ದು ಹುಣಸೂರು, ಗೋಣಿಕೊಪ್ಪಲು, ಕುಟ್ಟ, ಮಾನಂತವಾಡಿ. ಹೀಗೆ ತನ್ನ ಪಾಡಿಗಿದ್ದ ಊರು ರಾತ್ರಿ ಎರಡು ರಾಜ್ಯಗಳ ನಡುವಿನ ಬಾಗಿಲಾಯಿತು. ಬೆಂಗಳೂರಿನಿಂದ ಕೋಯಿಕ್ಕೋಡಿಗೆ ಹೋಗುವ ಬಸ್ಸು, ತರಕಾರಿ ಲಾರಿ ಎಲ್ಲ ಇಲ್ಲಿ ಗೇರ್ ಬದಲಿಸುತ್ತವೆ. ಈ ಸುತ್ತು ದಾರಿ ಸಾಕೋ, ಬಂಡೀಪುರ ತೆರೆಯಬೇಕೋ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ಕಾಡಿನ ಪರವಾಗಿಯೇ ನನ್ನ ಮತ. ಆದರೆ ಒಂದು ಕಾಡಿನ ನಿದ್ದೆಗಾಗಿ ಇನ್ನೊಂದರ ಅಂಚಿನ ಊರು ಎಚ್ಚರವಿರಬೇಕಾಗಿದೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೀರ್ಘ ಓಟದ ನಿಜವಾದ ಪಟುಗಳು ಈ ರಾತ್ರಿಯ ಚಾಲಕರೇ. ಅವರಿಗೆ ಸರದಿಗೆ ಮೂವರಿಲ್ಲ, ಪಿಟ್ ಇಲ್ಲ. ತಿರುವಿನಾಚೆ ಆನೆ ನಿಂತಿದ್ದರೆ ಓದಿ ಹೇಳಲು ಪೇಸ್ ನೋಟ್ಸೂ ಇಲ್ಲ.

ಇರ್ಪಿಗೆ ಹೋಗುವವರು ಶ್ರೀಮಂಗಲದ ಕಡೆಯ ದಾರಿ ಹಿಡಿಯಬೇಕು. ರಾಮೇಶ್ವರ ದೇವಸ್ಥಾನದ ಬಳಿ ವಾಹನ ನಿಲ್ಲಿಸಿ ಮೆಟ್ಟಿಲು ಹತ್ತಿದರೆ ಜಲಪಾತ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇಲ್ಲಿ ಧುಮುಕುವ ಲಕ್ಷ್ಮಣ ತೀರ್ಥ ಮುಂದೆ ಹುಣಸೂರಿನ ಮೂಲಕ ಹರಿದು ಕೆಆರ್‌ಎಸ್ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ನೀರು ತುಂಬಿರುವುದು ಮಳೆಗಾಲದಲ್ಲಿ, ಜಿಗಣೆಯೂ ಆಗಲೇ. ಶಿವರಾತ್ರಿಗೆ ಜನಜಾತ್ರೆ. ಸಫಾರಿ ಬೇಕಾದವರಿಗೆ ನಾಣಚ್ಚಿ ಗೇಟು ಹತ್ತಿರ. ಗಡಿಯಾಚೆ ತಿರುನೆಲ್ಲಿ ದೇವಸ್ಥಾನಕ್ಕೆ ಕೊಡಗಿನಿಂದ ಹೋಗುವವರ ಸಂಖ್ಯೆಯೂ ದೊಡ್ಡದು.

ಸ್ವಂತ ಕಾರಿನಲ್ಲಿ ಬರುವವರಿಗೆ ನವೆಂಬರ್, ಡಿಸೆಂಬರ್ ಹೇಳಿಮಾಡಿಸಿದ ಕಾಲ. ನಾಗರಹೊಳೆಯ ದಾರಿ ಹಿಡಿಯುವುದಾದರೆ ಮಧ್ಯಾಹ್ನದೊಳಗೆ ಹೊರಡಿ, ಚೀಟಿ ಜೋಪಾನ, ನಡುವೆ ನಿಲ್ಲಿಸಬೇಡಿ. ಜನವರಿಯ ನಂತರ ಬಂದರೆ ಕೊಯ್ಲಿನ ಜೀಪಿಗೆ ದಾರಿ ಬಿಡಿ. ರ‍್ಯಾಲಿ ಕಾರು ಓಡಿದ ದಾರಿಯೆಂದು ಯಾರದೋ ತೋಟದ ಗೇಟು ತಳ್ಳಿ ಒಳಗೆ ಹೋಗಬೇಡಿ. ಒಳಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಕಾವಲಿಗೆ ನಾಯಿಯೂ ಇರುತ್ತದೆ.