ತೂತಿನ ಬಿಲ್ಲೆ ಹೇಳುವ ನೂಲಿನ ಕಥೆ

ಹೊಲ ಉಳುವಾಗ, ಮನೆಗೆ ಪಾಯ ತೋಡುವಾಗ ಹಳೇ ಮಡಕೆ ಚೂರು ಸಿಗೋದು ನಮ್ಮ ಗುಂಡ್ಲುಪೇಟೆ, ಚಾಮರಾಜನಗರ ಕಡೆ ಹೊಸದೇನಲ್ಲ. ಕೈಗೆತ್ತಿಕೊಂಡು ನೋಡಿ, ಬದುವಿನ ಮೇಲೆ ಎಸೆದುಬಿಡುತ್ತೇವೆ. ಆದರೆ ಆ ಚೂರು ದುಂಡಗಿದ್ದು, ನಟ್ಟನಡುವೆ ತೂತಿದ್ದರೆ? ಎಸೆಯುವ ಮುಂಚೆ ಸ್ವಲ್ಪ ತಾಳಿ. ಸಾವಿರಾರು ವರ್ಷಗಳ ಹಿಂದೆ ಯಾರೋ ನೂಲು ತೆಗೆದ ಕದಿರಿನ ಬಿಲ್ಲೆ ಅದಾಗಿರಬಹುದು.

ಶಾಲೆಯಲ್ಲಿ ತಕಲಿ ಹಿಡಿದ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತೆ. ತಕಲಿಯ ಕಡ್ಡಿಗೆ ಕೆಳಗೊಂದು ಬಿಲ್ಲೆ ಇರುತ್ತಲ್ಲ, ಒಮ್ಮೆ ತಿರುಗಿಸಿ ಬಿಟ್ಟರೆ ಕಡ್ಡಿ ಸಮನಾಗಿ ಸುತ್ತುತ್ತಾ ಇರೋದು ಅದರ ಭಾರದಿಂದಲೇ. ಹಿಂದಿನವರು ಈ ಬಿಲ್ಲೆಯನ್ನು ಸುಟ್ಟ ಮಣ್ಣಿನಲ್ಲೋ ಕಲ್ಲಿನಲ್ಲೋ ಮಾಡುತ್ತಿದ್ದರು. ಒಡೆದ ಮಡಕೆಯ ಚೂರನ್ನೇ ಉಜ್ಜಿ ದುಂಡಗೆ ಮಾಡಿ ತೂತು ಕೊರೆದದ್ದೂ ಉಂಟು. ಕಡ್ಡಿ ಗೆದ್ದಲಿಗಾಯಿತು, ಬಟ್ಟೆ ಮಣ್ಣಾಯಿತು. ಬಿಲ್ಲೆ ಮಾತ್ರ ಉಳಿಯಿತು.

ಹಾಗಂತ ದುಂಡಗಿರೋದೆಲ್ಲ ಕದಿರಿನ ಬಿಲ್ಲೆಯಲ್ಲ. ತೂತಿಲ್ಲದ್ದು ಮಕ್ಕಳ ಕುಂಟೆಬಿಲ್ಲೆಯ ಬಿಲ್ಲೆಯಾಗಿರಬಹುದು. ತೂತು ಸರಿಯಾಗಿ ಮಧ್ಯದಲ್ಲಿದೆಯಾ, ಭಾರ ಎಲ್ಲಾ ಕಡೆ ಸಮನಾಗಿದೆಯಾ ಎಂದು ತಜ್ಞರು ನೋಡುತ್ತಾರೆ. ತೂಕದಲ್ಲೂ ಸುಳಿವಿದೆ. ಹಗುರವಾದ ಬಿಲ್ಲೆ ಹತ್ತಿಯಂಥ ಗಿಡ್ಡ ಎಳೆಯ ಸಣ್ಣ ನೂಲಿಗೆ ಹೊಂದುತ್ತದೆ, ಭಾರದ್ದು ದಪ್ಪ ನೂಲಿಗೆ.

ಇನ್ನು ಮಗ್ಗದ ಗುಂಡುಗಳು. ಯುರೋಪಿನ ಹಳೆಯ ಮಗ್ಗಗಳು ಗೋಡೆಗೆ ಒರಗಿಸಿದಂತೆ ನೇರ ನಿಲ್ಲುತ್ತಿದ್ದವು. ಹಾಸಿನ ಎಳೆಗಳನ್ನು ಮೇಲಿನಿಂದ ಇಳಿಬಿಟ್ಟು, ಬಿಗಿಯಾಗಿರಲೆಂದು ಕೆಳಗೆ ಮಣ್ಣಿನ ಅಥವಾ ಕಲ್ಲಿನ ಗುಂಡು ಕಟ್ಟುತ್ತಿದ್ದರು. ಮರ ಕೊಳೆತುಹೋದರೂ ಗುಂಡುಗಳು ಸಾಲಾಗಿ ಬಿದ್ದಿದ್ದರೆ ಅಲ್ಲೊಂದು ಮಗ್ಗ ಇತ್ತೆಂದು ತಿಳಿಯುತ್ತದೆ. ನಮ್ಮ ಗುಂಡಿಮಗ್ಗದಲ್ಲಿ ಹಾಸು ನೆಲಕ್ಕೆ ಸಮನಾಗಿ ಚಾಚಿಕೊಂಡಿರುತ್ತದೆ, ಅಂಥ ಗುಂಡುಗಳ ಸಾಲು ಬೇಕಿಲ್ಲ. ಅದಕ್ಕೇ ನಮ್ಮಲ್ಲಿ ನೇಯ್ಗೆಯ ಗುರುತು ಹುಡುಕುವವರು ಹೆಚ್ಚಾಗಿ ಕದಿರಿನ ಬಿಲ್ಲೆಯನ್ನೇ ನೆಚ್ಚಿಕೊಳ್ಳಬೇಕು.

ಬಟ್ಟೆಯೇ ಉಳಿದ ಉದಾಹರಣೆಗಳು ತೀರಾ ಕಡಿಮೆ. ಬಲೂಚಿಸ್ತಾನದ ಮೆಹರ್‌ಗಢದ ಸಮಾಧಿಯೊಂದರಲ್ಲಿ ತಾಮ್ರದ ಮಣಿಯೊಳಗೆ ಏಳು ಸಾವಿರ ವರ್ಷಕ್ಕೂ ಹಳೆಯ ಹತ್ತಿ ದಾರ ಸಿಕ್ಕಿತು. ಮೊಹೆಂಜೊದಾರೊದಲ್ಲಿ ಬೆಳ್ಳಿ ಪಾತ್ರೆಗೆ ಅಂಟಿಕೊಂಡಿದ್ದ ಹತ್ತಿ ಬಟ್ಟೆಯ ತುಂಡು ದೊರೆಯಿತು. ಎರಡನ್ನೂ ಕಾಪಾಡಿದ್ದು ಲೋಹ! ನಮ್ಮ ರಾಜ್ಯದಲ್ಲಿ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದರು. ಮುಂದೆ ಅದೇ ಜಾಗದ ಮಣ್ಣನ್ನು ಸಸ್ಯಶಾಸ್ತ್ರದ ಕಣ್ಣಿನಿಂದ ಪರೀಕ್ಷಿಸಿದಾಗ ಸುಮಾರು ಮೂರು ಸಾವಿರ ವರ್ಷ ಹಿಂದಿನ ಹತ್ತಿ ಬೀಜದ ಕುರುಹು ಸಿಕ್ಕಿತು. ಹಾವೇರಿ ಸೀಮೆ ಇವತ್ತಿಗೂ ಹತ್ತಿಗೆ ಹೆಸರುವಾಸಿ ನೋಡಿ.

ನಮಗೆ ಹತ್ತಿರದ ತಿರುಮಕೂಡಲು ನರಸೀಪುರದಲ್ಲೂ ನವಶಿಲಾಯುಗದ ನೆಲೆ ಇದೆ. 1960ರ ಆಸುಪಾಸಿನಲ್ಲಿ ಎಂ. ಶೇಷಾದ್ರಿ ನಡೆಸಿದ ಉತ್ಖನನದಲ್ಲಿ ಮಣ್ಣಿನ ತಲೆದಿಂಬು ಸಿಕ್ಕಿತ್ತು. ಅಂದರೆ ಕಾವೇರಿ, ಕಪಿಲೆಯ ಈ ಸೀಮೆಯಲ್ಲಿ ಅಷ್ಟು ಹಿಂದೆಯೇ ಜನ ಮನೆಮಾಡಿಕೊಂಡು ಬದುಕಿದ್ದರು.

ಇಷ್ಟು ಚಿಕ್ಕ ಬಿಲ್ಲೆಗೆ ಇಷ್ಟು ಮಾತು ಯಾಕೆ ಅಂತೀರಾ? ಕತ್ತಿ, ನಾಣ್ಯ, ಶಾಸನ ರಾಜರ ಕಥೆ ಹೇಳುತ್ತವೆ. ಒಂದು ಮಗ್ಗಕ್ಕೆ ಸಾಕಾಗುವಷ್ಟು ನೂಲಲು ಹಲವು ಕೈ ಬೇಕು, ಬಹುತೇಕ ಕಡೆ ಅವು ಹೆಂಗಸರ ಕೈಗಳೇ. ಗಾಂಧೀಜಿ ಬಂದುಹೋದ, ನಂಜನಗೂಡು ತಾಲ್ಲೂಕಿನ ಬದನವಾಳು ಖಾದಿ ಕೇಂದ್ರದಲ್ಲೂ ನೂತವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಅವರ ದುಡಿಮೆಗೆ ಶಾಸನ ಯಾರು ಕೆತ್ತಿಸ್ತಾರೆ? ಲಿಪಿಯೇ ಇಲ್ಲದ ಕಾಲದ ಅಂಥ ದುಡಿಮೆಗೆ ಈ ಬಿಲ್ಲೆಯೇ ಸಾಕ್ಷಿ.

ಈಗ ಜೆಸಿಬಿ ಬಂದರೆ ಒಂದೇ ದಿನದಲ್ಲಿ ಇಡೀ ದಿಬ್ಬ ಮಟ್ಟ. ಇಂಥದ್ದೇನಾದರೂ ಕಂಡರೆ ತೊಳೆದು ಉಜ್ಜಬೇಡಿ, ಮಾರಬೇಡಿ, ಇನ್ನೂ ಸಿಗಬಹುದೆಂದು ಅಗೆಯಲೂ ಬೇಡಿ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಅನ್ನೋದರ ಮೇಲೆಯೇ ಅದರ ಕಾಲ ಗೊತ್ತಾಗೋದು. ಸಿಕ್ಕ ಜಾಗದಲ್ಲೇ ಫೋಟೋ ತೆಗೆದು, ತಾಲ್ಲೂಕು ಕಚೇರಿಗೋ ಮೈಸೂರಿನಲ್ಲಿರುವ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಗೋ ತಿಳಿಸಿ. ಮನೆಯ ಶೋಕೇಸ್ ಸೇರಿದರೆ ಅದು ಬರೀ ತೂತಿನ ಬಿಲ್ಲೆ. ಸಿಕ್ಕ ಜಾಗದ ವಿವರ ಜೊತೆಗಿದ್ದರೆ ಅದು ನಮ್ಮೂರ ಚರಿತ್ರೆ.