ಕಾಡ್ಗಿಚ್ಚು: ಬೆಂಕಿಗಿಂತ ಮೊದಲು ಸುದ್ದಿ ತಲುಪಬೇಕು

ಕಾಡ್ಗಿಚ್ಚು ಅಂದ ತಕ್ಷಣ ನಮ್ಮ ಚರ್ಚೆ ಹೆಲಿಕಾಪ್ಟರ್ ಎಷ್ಟಿವೆ, ಫೈರ್ ಎಂಜಿನ್ ಯಾವಾಗ ಬಂತು ಅನ್ನೋ ಕಡೆ ಹೋಗುತ್ತೆ. ಆದರೆ ಜನ ಉಳಿಯೋದು ಬಹಳ ಸಲ ಇನ್ನೊಂದು ಪ್ರಶ್ನೆಯ ಮೇಲೆ: ಬೆಂಕಿಗಿಂತ ಮೊದಲು ಸುದ್ದಿ ಬಂತಾ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಚರ್ಚಿಲ್ ಅಂತ ಒಂದು ಸಣ್ಣ ಪಟ್ಟಣ. ಸುತ್ತಲಿನ ಗುಡ್ಡಗಳಲ್ಲಿ ಪೈನ್, ನೀಲಗಿರಿ ಪ್ಲಾಂಟೇಶನ್‌ಗಳು. 2009ರ ಫೆಬ್ರುವರಿ 7ರಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಸೆಲ್ಸಿಯಸ್ ಬಿಸಿಲು. ಅದೇ ಮಧ್ಯಾಹ್ನ ಒಂದೂವರೆ ಸುಮಾರಿಗೆ ಚರ್ಚಿಲ್ ಪಕ್ಕದ ತೋಪಿಗೆ ಒಬ್ಬ ಬೆಂಕಿ ಹಚ್ಚಿದ.

ಮುಂದಿನದ್ದು ಸರಳ ಜಾಮಿಟ್ರಿ. ವಾಯವ್ಯದ ಗಾಳಿಗೆ ಬೆಂಕಿ ಆಗ್ನೇಯದ ಕಡೆ ಉದ್ದ ಪಟ್ಟಿಯ ಹಾಗೆ ಓಡುತ್ತೆ. ಅದರ ತುದಿ ಕಿರಿದು, ಪಕ್ಕ ಉದ್ದ. ಸಂಜೆ ಗಾಳಿ ನೈಋತ್ಯಕ್ಕೆ ತಿರುಗಿದರೆ ಆ ಉದ್ದನೆಯ ಪಕ್ಕವೇ ಇಡಿಯಾಗಿ ಮುಂಭಾಗವಾಗಿಬಿಡುತ್ತೆ. ಅಲ್ಲಿವರೆಗೆ ಸುರಕ್ಷಿತ ಅಂದುಕೊಂಡಿದ್ದ ಊರುಗಳೇ ಬೆಂಕಿಯ ದಾರಿಗೆ ಬೀಳುತ್ತವೆ. ಅವತ್ತು ಕಾಲಿಗ್ನೀ, ಕೂರ್ನಲಾ ಕಡೆ ಆಗಿದ್ದು ಇದೇ. ಚರ್ಚಿಲ್ ಬೆಂಕಿಯಲ್ಲಿ 11 ಜನ ಸತ್ತರು. ರಾಜ್ಯದಾದ್ಯಂತ ಸತ್ತವರು 173.

ಗಾಳಿ ತಿರುಗುತ್ತೆ ಅನ್ನೋದು ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲೇ ಇತ್ತು. ಅಂದರೆ ಮಾಹಿತಿ ಇತ್ತು, ಅದು ಜನರ ಕೈಗೆ ಸೇರಲಿಲ್ಲ. ಅಂದಿನ ದುರಂತದ ತನಿಖೆ ನಡೆಸಿದ ರಾಯಲ್ ಕಮಿಷನ್, ಹಲವೆಡೆ ಎಚ್ಚರಿಕೆ ತಡವಾಯಿತು, ಕೆಲವೆಡೆ ಬರಲೇ ಇಲ್ಲ ಎಂದಿತು. ಆಮೇಲೆ ಫೋನ್‌ಗೆ ನೇರವಾಗಿ ಎಚ್ಚರಿಕೆ ಕಳಿಸುವ ವ್ಯವಸ್ಥೆ ಬಂತು. ಅತಿ ಅಪಾಯದ ದಿನಗಳಲ್ಲಿ ಮನೆ ಕಾಯುತ್ತಾ ಕೂರಬೇಡಿ, ಬೇಗ ಹೊರಡಿ ಅನ್ನೋ ಸಂದೇಶಕ್ಕೆ ಒತ್ತು ಸಿಕ್ಕಿತು. ಅಲ್ಲಿ ಅದಕ್ಕೂ ಮುಂಚಿನ ಇನ್ನೊಂದು ನಿಯಮವಿದೆ: ದೊಡ್ಡ ಪ್ಲಾಂಟೇಶನ್‌ಗಳ ಮಾಲೀಕರು ತಮ್ಮದೇ ಅಗ್ನಿಶಾಮಕ ದಳ ಇಟ್ಟುಕೊಳ್ಳಬೇಕು. ಲಾಭ ಖಾಸಗಿಯಾದರೆ ಬೆಂಕಿಯ ಖರ್ಚನ್ನೆಲ್ಲ ಊರಿನ ಮೇಲೆ ಹಾಕೋ ಹಾಗಿಲ್ಲ.

ಈಗ ನಮ್ಮ ಮಲೆನಾಡು. 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿ ಕಾಡಿನ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟಗಾಯಗಳಿಂದ ತೀರಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಮ್ಮೆಲ್ಲರ ಮೊಬೈಲ್ ಏಕಾಏಕಿ ಕೂಗಿದ್ದು ನೆನಪಿದೆಯಲ್ಲ? ಅದು ಸರ್ಕಾರದ ತುರ್ತು ಎಚ್ಚರಿಕೆಯ ಪ್ರಯೋಗ. ಅಂದರೆ ತಂತ್ರಜ್ಞಾನ ನಮ್ಮ ಹತ್ತಿರವೂ ಇದೆ.

ಆದರೆ ಟವರ್ ಸಿಗದ ಎಸ್ಟೇಟಿನ ಲೈನ್ ಮನೆಗೆ ಆ ಸದ್ದು ತಲುಪುತ್ತಾ? ಅಸ್ಸಾಮಿನಿಂದ ದುಡಿಯಲು ಬಂದವರಿಗೆ ಅದು ಯಾವ ಭಾಷೆಯಲ್ಲಿ ಹೋಗುತ್ತೆ? ಹೊರಡಿ ಅಂದರೆ ಅವರಿಗೆ ಜೀಪು ಕೊಡೋರು ಯಾರು? ಬೇಸಿಗೆಗೆ ಮುಂಚೆ ಜಿಲ್ಲಾಧಿಕಾರಿಗಳನ್ನೂ ಎಸ್ಟೇಟ್ ಮಾಲೀಕರನ್ನೂ ಈ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ.